ಅಟ್ಟ ಇಳೀಲಿ ತಡಿ

ಹೆತ್ತವರ ಮನೆಯನ್ನು ಯಾವಾಗ ಬಿಡಬೇಕು ಎನ್ನುವ ವಿಷಯದಲ್ಲಿ ಕೋಳಿಗಿರುವಷ್ಟು ತಿಳಿವಳಿಕೆ ಮನುಷ್ಯರಿಗಿಲ್ಲ. ನಮ್ಮ ಹಿತ್ತಲಲ್ಲಿ ಒಂದು ಹೇಂಟೆ ಇತ್ತು. ಮರಿ ಮಾಡಿದಾಗಲೆಲ್ಲ ಅದರ ವಾತ್ಸಲ್ಯ ನೋಡಬೇಕಿತ್ತು. ಕಾಗೆಯ ನೆರಳು ಬಿದ್ದರೆ ಸಾಕು, ರೆಕ್ಕೆ ಬಿಚ್ಚಿ ಜಗಳಕ್ಕೆ ನಿಲ್ಲುತ್ತಿತ್ತು. ತಾನು ಕೆದಕಿದ ಹುಳುವನ್ನು ತಾನು ತಿನ್ನದೆ ಮರಿಗಳನ್ನು ಕರೆಯುತ್ತಿತ್ತು. ಆಮೇಲೆ ಒಂದು ದಿನ ಬೆಳಗ್ಗೆ ಎದ್ದು, ಅವೇ ಮರಿಗಳು ಹತ್ತಿರ ಬಂದರೆ ತಲೆಯ ಮೇಲೆ ಕುಕ್ಕಿ ಓಡಿಸಿಬಿಡುತ್ತಿತ್ತು. ಅಲ್ಲಿಗೆ ಮುಗಿಯಿತು. ಮರಿಗಳು ಅದಕ್ಕಾಗಿ ಬೇಲಿ ಮೂಲೆಯಲ್ಲಿ ಕೂತು ಅತ್ತದ್ದನ್ನಾಗಲಿ, ತಾಯಿಯ ಬಗ್ಗೆ ಅಕ್ಕಪಕ್ಕದ ಕೋಳಿಗಳ ಹತ್ತಿರ ಆಡಿಕೊಂಡದ್ದನ್ನಾಗಲಿ ನಾನು ಕಾಣೆ. ಮನುಷ್ಯರಲ್ಲಿ ಕುಕ್ಕುವ ಪದ್ಧತಿ ಇಲ್ಲ. ಇದ್ದಿದ್ದರೆ ನನ್ನ ಬದುಕು ಎಷ್ಟೋ ಸಲೀಸಾಗುತ್ತಿತ್ತು.

ನಮ್ಮ ಕಡೆ ಗಂಡುಮಕ್ಕಳಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಮನೆ ಅವರದು, ತೋಟ ಅವರದು, ಅವರೇಕೆ ಬಿಡಬೇಕು? ಹೆಣ್ಣುಮಕ್ಕಳಿಗೆ ಮಾತ್ರ ಒಂದು ಬಾಗಿಲು ಮಾಡಿಟ್ಟಿದ್ದಾರೆ. ಅದಕ್ಕೆ ಮಾವಿನ ಸೊಪ್ಪಿನ ತೋರಣ ಕಟ್ಟಿರುತ್ತದೆ, ಹೊರಗೆ ವಾಲಗದವರು ಊದುತ್ತಿರುತ್ತಾರೆ. ಆ ಬಾಗಿಲಿನಿಂದ ಹೋದರೆ ಊರೆಲ್ಲ ನಿಂತು ಅತ್ತು ಕಳಿಸುತ್ತದೆ. ಬೇರೆ ಬಾಗಿಲಿನಿಂದ ಹೋದರೆ ಊರೆಲ್ಲ ಕೂತು ನಕ್ಕು ಮಾತಾಡುತ್ತದೆ. ನನ್ನ ಪಾಲಿಗೆ ಮೊದಲನೆಯ ಬಾಗಿಲು ತೆರೆಯಲಿಲ್ಲ. ಎರಡನೆಯದೊಂದು ಇದೆ ಎಂದು ನನಗೆ ಹೊಳೆಯುವ ಹೊತ್ತಿಗೆ ನಲವತ್ತಕ್ಕೆ ಎರಡೇ ಕಮ್ಮಿಯಾಗಿತ್ತು.

ನಮ್ಮೂರು ನೊಣವಿನಕೆರೆಯಿಂದ ಇನ್ನೂ ಸ್ವಲ್ಪ ಒಳಗೆ. ತಿಪಟೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತೆ. ಬೆಳಗ್ಗೆ ಬಸ್ಸಿಗೆ ನೇತುಬಿದ್ದು ಹೋಗುವುದು, ಸಂಜೆ ಬಸ್ಸಿಗೆ ನೇತುಬಿದ್ದು ಬರುವುದು. ಆಫೀಸಿನಲ್ಲಿ ನನ್ನ ಮುಖ್ಯ ಕೆಲಸ ಟಿ.ಸಿ. ಬರೆಯುವುದು. ನಿನ್ನೆ ಮೊನ್ನೆ ಮೀಸೆ ಮೂಡಿದ ಹುಡುಗರು ಕೌಂಟರಿನ ಕಿಂಡಿಗೆ ಮುಖವಿಟ್ಟು "ಮೇಡಂ, ಬೇಗ ಕೊಡಿ ಮೇಡಂ" ಎಂದು ಅವಸರ ಮಾಡುತ್ತಾರೆ. ಬಿಡಲು ಕಾರಣ ಎಂದು ಕೇಳುವ ಜಾಗದಲ್ಲಿ ನಾನು 'ವ್ಯಾಸಂಗ ಪೂರ್ಣಗೊಂಡಿದೆ' ಎಂದು ದುಂಡಗೆ ಬರೆದು, ಮೊಹರು ಒತ್ತಿ ಕೊಡುತ್ತೇನೆ. ಹೀಗೆ ಅವರಿವರ ಮಕ್ಕಳನ್ನೆಲ್ಲ ಕೈಯಾರೆ ಬಿಡಿಸಿ ಕಳಿಸಿದವಳಿಗೆ ತನ್ನದೊಂದು ಟಿ.ಸಿ. ಬರೆದುಕೊಳ್ಳಲು ಆಗಲಿಲ್ಲ.

ಮೊದಲನೆಯ ಬಾಗಿಲು ತೆರೆಯಲಿಲ್ಲ ಎಂದೆನಲ್ಲ, ಅದಕ್ಕೆ ನಮ್ಮವರು ಪ್ರಯತ್ನಪಡಲಿಲ್ಲ ಎಂದು ತಿಳಿಯಬೇಡಿ. ತುರುವೇಕೆರೆಯಿಂದ ಬಂದ ಗಂಡಿಗೆ ನಾನು ಉದ್ದವಾದೆ. ಚಿಕ್ಕನಾಯಕನಹಳ್ಳಿಯಿಂದ ಬಂದವರು ಹುಡುಗಿ ಕೆಲಸ ಬಿಡಬೇಕು ಎಂದರು, ಆಯಿತು ಎಂದರೆ, ಬಿಟ್ಟಮೇಲೆ ಇವಳಲ್ಲೇನಿದೆ ಎಂದು ಹೊರಟುಹೋದರು. ಹುಳಿಯಾರಿನ ಕಡೆಯ ಒಬ್ಬರು ಉಪ್ಪಿಟ್ಟು ಕೇಸರಿಬಾತು ತಿಂದು, ಕಾಫಿ ಕುಡಿದು, ಜಗಲಿಯ ಮೇಲೆ ಅಪ್ಪನೊಡನೆ ಬೋರನಕಣಿವೆಯ ನೀರಿನ ಮಟ್ಟದ ಬಗ್ಗೆ ಬಹಳ ಹೊತ್ತು ಮಾತಾಡಿ, ನನ್ನ ವಿಷಯ ಎತ್ತುವುದನ್ನು ಮರೆತು ಎದ್ದು ಹೋದರು. ಬರಬರುತ್ತಾ ಕೇಸರಿಬಾತು ನಿಂತಿತು. ಆಮೇಲೆ ಉಪ್ಪಿಟ್ಟೂ ನಿಂತಿತು. ಬಂದವರಿಗೆ ಬರೀ ಕಾಫಿ ಎಂದಾದಾಗಲೇ ನಮ್ಮವ್ವ ಆಸೆ ಬಿಟ್ಟಿದ್ದಾಳೆ ಎಂದು ನನಗೆ ಗೊತ್ತಾದದ್ದು.

ಅವ್ವ ಆಸೆ ಬಿಟ್ಟರೂ ಪಾತ್ರೆ ಬಿಡಲಿಲ್ಲ. ನನಗೆ ಇಪ್ಪತ್ತೆರಡು ನಡೆಯುತ್ತಿದ್ದಾಗ ಮದುವೆಗೆ ಇರಲಿ ಎಂದು ಒಂದು ಮೂಟೆ ಪಾತ್ರೆ ಕೊಂಡು, ಗೋಣಿಚೀಲದಲ್ಲಿ ತುಂಬಿ, ಬಾಯಿ ಹೊಲಿದು ನನ್ನ ರೂಮಿನಲ್ಲಿ ಇಟ್ಟಿದ್ದಳು. ಹಿತ್ತಾಳೆ ಕೊಳಗ, ಸ್ಟೀಲಿನ ಡಬ್ಬ, ಹಾಲು ಕಾಯಿಸುವ ಪಾತ್ರೆ, ಪಂಚಪಾತ್ರೆ, ಏನೇನೋ. ಅದನ್ನು ಬಿಚ್ಚುವಂತಿಲ್ಲ. ಒಂದು ಸಲ ಮಳೆಗೆ ರೂಮು ಸೋರಿ, ನೀರು ಹಿಡಿಯಲು ಒಂದು ಬೋಗುಣಿ ತೆಗೆಯಲೇ ಎಂದದ್ದಕ್ಕೆ ಅವ್ವ, "ಮದ್ವೆ ಪಾತ್ರೆ ಕಣೇ ಅದು, ಸೋರೋ ನೀರಿಗೆ ಇಡ್ತೀಯಾ?" ಎಂದು ಗದರಿದ್ದಳು. ಆದ್ದರಿಂದ ಹಾಸಿಗೆ ನೆನೆಯಿತು. ಪಾತ್ರೆ ಒಣಗಿಯೇ ಇತ್ತು.

ಇನ್ನು ಆ ರೂಮಿನ ಕಥೆ ಹೇಳಬೇಕು. ರೂಮು ಎಂದು ಕರೆಯುತ್ತಿದ್ದೆವೇ ಹೊರತು ನಿಜವಾಗಿ ಅದು ಅಟ್ಟದ ಮೆಟ್ಟಿಲು. ನಮ್ಮ ಸೀಮೆಯ ಕೊಬ್ಬರಿಯನ್ನು ತಿಂದವರು ಬಹಳ, ಅದು ಹೇಗಾಗುತ್ತದೆ ಎಂದು ಬಲ್ಲವರು ಕಮ್ಮಿ. ಬಲಿತ ಕಾಯಿಯನ್ನು ಸುಲಿಯದೆ ಇಡಿಯಾಗಿ ಅಟ್ಟಕ್ಕೆ ಏರಿಸುತ್ತಾರೆ. ಅದು ಅಲ್ಲಿ ಹೆಚ್ಚು ಕಮ್ಮಿ ಒಂದು ವರ್ಷ ಸುಮ್ಮನೆ ಬಿದ್ದಿರಬೇಕು. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಬಿಸಿ, ಎರಡರ ನಡುವೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನಾಗಿ ಬಿಟ್ಟುಕೊಳ್ಳಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಮೊದಲು ಗುಳುಗುಳು ಎನ್ನುತ್ತದೆ, ನಡುವೆ ಕೆಲವು ಕಾಲ ಏನೂ ಅನ್ನುವುದಿಲ್ಲ, ಕಡೆಗೆ ಗಟಗಟ ಎನ್ನುತ್ತದೆ. ಗಟಗಟ ಎಂದಾಗ ಇಳಿಸಬೇಕು. ಆತುರಪಟ್ಟು ಮುಂಚೆ ಇಳಿಸಿದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರು ಚೂರಾಗಿ ಏಳುತ್ತದೆ. ಅಂಥದ್ದನ್ನು ಮಾರ್ಕೆಟ್ಟಿಗೆ ಒಯ್ದರೆ ಮರ್ಯಾದೆಯಿಲ್ಲ.

ನಮ್ಮ ಮನೆಯ ಅಟ್ಟದ ಬಾಯಿ ಇದ್ದದ್ದು ನನ್ನ ಮಂಚದ ನೆತ್ತಿಯ ಮೇಲೆ. ಏಣಿ ಮಂಚಕ್ಕೆ ಒರಗಿಕೊಂಡೇ ಇರುತ್ತಿತ್ತು. ಅಪ್ಪನಿಗೆ ಬೆಳಗಿನ ಜಾವ ಎದ್ದ ಕೂಡಲೇ ಕಾಯಿ ಅಲ್ಲಾಡಿಸಿ ನೋಡದಿದ್ದರೆ ಆಗದು. ಬೇರೆಯವರು ಎದ್ದು ದೇವರ ಪಟ ನೋಡುತ್ತಾರೆ, ಅಂಗೈ ನೋಡಿಕೊಳ್ಳುತ್ತಾರೆ. ನಾನು ಎಷ್ಟೋ ವರ್ಷ ಕಣ್ಣುಬಿಟ್ಟ ತಕ್ಷಣ ಕಂಡದ್ದು ಅಪ್ಪನ ಒಡೆದ ಹಿಮ್ಮಡಿ. ಪೂರ್ತಿ ಮೇಲೆ ಹತ್ತಿ ಒಂದಷ್ಟು ಧೂಳು ಉದುರಿಸಿದ ಮೇಲೆ, "ಎದ್ದೇನವ್ವ?" ಎಂದು ಕೇಳುವರು. ಧೂಳು ಬಾಯಿಗೆ ಬಿದ್ದಿರುತ್ತಿದ್ದುದರಿಂದ ನಾನು ಉತ್ತರ ಕೊಡುತ್ತಿರಲಿಲ್ಲ. ಅಪ್ಪ ಇಳಿದಮೇಲೆ ಇಲಿಗಳ ಸರದಿ. ಕಾಯಿಗಳನ್ನು ಈ ಮೂಲೆಯಿಂದ ಆ ಮೂಲೆಗೆ ಉರುಳಿಸಿ ಅವು ಏನು ಸುಖಪಡುತ್ತಿದ್ದವೋ ತಿಳಿಯದು.

ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಹಾಕಿಸು ಎಂದರೆ ಅಪ್ಪ, "ನೀನು ಒಳಗಡೆಯಿಂದ ಹಾಕ್ಕಂಡು ಮನಗಿದ್ರೆ ನಾನು ಅಟ್ಟ ಹತ್ತಾದು ಹೆಂಗವ್ವ?" ಎನ್ನುವರು. ನ್ಯಾಯವಾದ ಮಾತು. ಆದ್ದರಿಂದ ಸೀರೆ ಉಡಬೇಕಾದರೆ ನಾನು ಆ ಪಾತ್ರೆಯ ಮೂಟೆಯನ್ನು ಎಳೆದು ತಂದು ಬಾಗಿಲಿಗೆ ಅಡ್ಡ ಇಡುತ್ತಿದ್ದೆ. ಮದುವೆಯ ಪಾತ್ರೆಗಳಿಂದ ನನಗಾದ ಉಪಕಾರ ಅದೊಂದೇ.

ನಮ್ಮಪ್ಪನ ಬಾಯಲ್ಲಿ ಒಂದು ಮಾತಿದೆ: "ಅಟ್ಟ ಇಳೀಲಿ ತಡಿ." ಯಾರು ಏನು ಕೇಳಿದರೂ ಮೊದಲು ಬರುವುದು ಅದೇ. ಹಲ್ಲು ನೋಯುತ್ತದೆ ಎಂದರೆ ಅಟ್ಟ ಇಳೀಲಿ ತಡಿ. ಹೆಂಚು ಒಡೆದಿದೆ ಎಂದರೆ ಅಟ್ಟ ಇಳೀಲಿ ತಡಿ. ಕಾಯಿ ಇಳಿಸಿ ಕೊಬ್ಬರಿ ಮಾಡಿ ಒಂದು ದಡ ಮುಟ್ಟುವ ತನಕ ಮನೆಯಲ್ಲಿ ಹೊಸದೇನೂ ಬೇಡ ಎಂಬುದು ನಮ್ಮ ಕಡೆಯ ಹಳಬರ ರೂಢಿ, ತಾತನೂ ಹಾಗೇ ಅನ್ನುತ್ತಿದ್ದನಂತೆ. ನನ್ನ ತಮ್ಮ ಚಂದ್ರು, ತೋಟ ನೋಡಿಕೊಳ್ಳುವವನು, ಬೈಕು ಬೇಕೆಂದಾಗಲೂ ಅಪ್ಪ ಅದೇ ಅಂದರು. ಮಾರನೆಯ ದಿನ ಅಂಗಳದಲ್ಲಿ ನಿಂಬೆಹಣ್ಣು, ಚೆಂಡುಹೂವಿನ ಹಾರ ಹಾಕಿಸಿಕೊಂಡು ಬೈಕು ನಿಂತಿತ್ತು. ಅಪ್ಪ ಒಂದು ಸುತ್ತು ಸುತ್ತಿ ನೋಡಿ, ಹ್ಞೂಂ ಎಂದು, ಅದೇ ಬೈಕಿನ ಹಿಂದೆ ಕೂತು ತಿಪಟೂರಿಗೆ ಹೋಗಿಬಂದರು. ಅವ್ವ ಗ್ಯಾಸು ಕೇಳಿದಾಗ ಮಾತ್ರ ದೊಡ್ಡ ರಗಳೆಯೇ ಆಗುತ್ತದೆ ಎಂದುಕೊಂಡಿದ್ದೆ. ಸೌದೆ ಒಲೆ ಇಲ್ಲದಿದ್ದರೆ ಅಟ್ಟಕ್ಕೆ ಹೊಗೆ ಎಲ್ಲಿಂದ ಬರಬೇಕು? ಅಪ್ಪ "ಅಟ್ಟ ಇಳೀಲಿ ತಡಿ" ಎಂದು ತೋಟಕ್ಕೆ ಹೋದರು. ಅವರು ಹಿಂತಿರುಗುವಷ್ಟರಲ್ಲಿ ಗ್ಯಾಸ್ ಒಲೆಯ ಮೇಲೆ ಕಾಫಿ ಆಗಿತ್ತು. ಅಪ್ಪ ಕುಡಿದರು. ಸೌದೆ ಒಲೆ ಬಚ್ಚಲಿಗೆ ಹೋಯಿತು, ಹೊಗೆ ಅಲ್ಲಿಂದಲೇ ಅಟ್ಟಕ್ಕೆ ದಾರಿ ಹುಡುಕಿಕೊಂಡಿತು. ಇದನ್ನೆಲ್ಲ ನೋಡಿ ನಾನು ತಿಳಿದುಕೊಂಡದ್ದು ಇಷ್ಟು: ಮಗ ಮಗನೇ, ಹೆಂಡತಿ ಹೆಂಡತಿಯೇ, ಈ ಮನೆಯಲ್ಲಿ ನಿಯಮ ಇರುವುದು ನನಗೊಬ್ಬಳಿಗೇ. ಆ ಹೊಟ್ಟೆಯುರಿಯನ್ನು ನಾನು ಬಹಳ ವರ್ಷ ಜೋಪಾನವಾಗಿ ಸಾಕಿಕೊಂಡು ಬಂದೆ.

ಬೇರೆ ಮನೆಯ ಮಾತು ನಾನು ಮೊದಲು ಎತ್ತಿದ್ದು ಚಂದ್ರುವಿನ ಮದುವೆಯಾದ ವರ್ಷ. ಅಪ್ಪ ಏಣಿಯ ಮೇಲಿದ್ದರು. ತಲೆ ಮತ್ತು ಎದೆ ಅಟ್ಟದಲ್ಲಿ, ಕಾಲು ಮಾತ್ರ ನನ್ನ ರೂಮಿನಲ್ಲಿ. ಮುಖ ನೋಡಿ ಕೇಳಲು ಧೈರ್ಯ ಇರಲಿಲ್ಲವಾಗಿ ನಾನು ಆ ಕಾಲುಗಳಿಗೇ ಹೇಳಿದೆ. "ಅಪ್ಪಾ, ತಿಪಟೂರಾಗೆ ಒಂದು ಬಾಡಿಗೆ ಮನೆ ಮಾಡ್ಕಳಾನ ಅಂತಿದೀನಿ. ಬಸ್ಸಾಗೆ ಓಡಾಡಿ ಸಾಕಾಗೈತೆ." ಮೇಲಿನಿಂದ ಗುಳುಗುಳು ಶಬ್ದ ಬಂತು. ಬಳಿಕ ಅಪ್ಪನ ದನಿ: "ಅಟ್ಟ ಇಳೀಲಿ ತಡಿ."

ನಾನು ತಡೆದೆ. ಅಟ್ಟಕ್ಕೆ ಎರಡು ಮಗ್ಗುಲಿವೆ. ಮೂಡಲ ಮಗ್ಗುಲಿನ ಕಾಯಿ ಇಳಿಯುವ ಹೊತ್ತಿಗೆ ಪಡುವಲ ಮಗ್ಗುಲು ಭರ್ತಿಯಾಗಿರುತ್ತದೆ. ಅದು ಇಳಿಯುವ ಹೊತ್ತಿಗೆ ಇದು. ಹೀಗಾಗಿ ನಾನು ಹುಟ್ಟಿದಂದಿನಿಂದ ಆ ಅಟ್ಟ ಖಾಲಿಯಾದದ್ದನ್ನು ಕಂಡಿಲ್ಲ. ಇಷ್ಟು ತಿಳಿಯಲು ದೊಡ್ಡ ಬುದ್ಧಿ ಬೇಕಿಲ್ಲ. ಆದರೂ ನಾನು ಮಂಚದ ಮೇಲೆ ಅಂಗಾತ ಮಲಗಿ ಅಟ್ಟಕ್ಕೆ ಹಾಸಿದ ದಬ್ಬೆಗಳ ಸಂದಿನಲ್ಲಿ ಕಾಣುವ ಕಾಯಿಗಳನ್ನು ನೋಡುತ್ತಿದ್ದೆ. ಕೊಬ್ಬರಿ ವ್ಯಾಪಾರಿಗಳು ಕೂಡ ಒಂದು ಅಟ್ಟವನ್ನು ಅಷ್ಟು ಆಸೆಯಿಂದ ನೋಡಿರಲಾರರು. ಕಾಯಿಗಳು ಬಂದವು, ಒಣಗಿದವು, ಇಳಿದು ಹೋದವು. ಅವಕ್ಕೆ ವರ್ಷಕ್ಕೊಮ್ಮೆ ಬಿಡುಗಡೆ ಇತ್ತು.

ಇಷ್ಟರಲ್ಲಿ ನನಗೊಂದು ಒಳ್ಳೆಯ ಹೆಸರು ಬಂದಿತ್ತು. ಆಫೀಸಿನಲ್ಲಿ ಯಾರಾದರೂ "ದಿನಾ ಇಷ್ಟು ದೂರ ಯಾಕೆ ಓಡಾಡ್ತೀರಿ, ಇಲ್ಲೇ ಮನೆ ಮಾಡಬಾರದಾ?" ಎಂದರೆ ನಿಟ್ಟುಸಿರು ಬಿಟ್ಟು, "ಅಪ್ಪ ಅವ್ವನ್ನ ಬಿಟ್ಟು ಹೆಂಗ್ರೀ ಬರ್ಲಿ? ನಾನಿಲ್ಲ ಅಂದ್ರೆ ಅವ್ವ ಒಂದು ತುತ್ತು ಉಣ್ಣಲ್ಲ" ಎನ್ನುತ್ತಿದ್ದೆ. ಹೇಳಿ ಹೇಳಿ ನಾನೂ ಅದನ್ನು ನಂಬಿದ್ದೆ. ಹಾಲ್ಕುರಿಕೆಯಲ್ಲಿರುವ ಸೋದರತ್ತೆ ಹೋದಲ್ಲಿ ಬಂದಲ್ಲಿ, "ಪುಷ್ಪ ಇರಾದ್ರಿಂದ ನಮ್ಮಣ್ಣ ಅತ್ತಿಗೆ ನೆಮ್ಮದಿಯಾಗವ್ರೆ" ಎಂದು ಹೊಗಳುವಳು. ನೋಡಿ, ಹೊಗಳಿಕೆ ಬಹಳ ಅಪಾಯದ್ದು. ಬೈಗುಳ ತಿಂದವನು ಮನೆ ಬಿಟ್ಟು ಓಡಿಯಾದರೂ ಹೋಗುತ್ತಾನೆ.

ನನ್ನನ್ನು ಕಡೆಗೂ ಅಲ್ಲಾಡಿಸಿದ್ದು ಒಂದು ತೆಂಗಿನಕಾಯಿ. ಒಂದು ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಮನೆಯವರೆಲ್ಲ ನನ್ನ ರೂಮಿನಲ್ಲಿದ್ದಾರೆ. ಇಲಿ ಉರುಳಿಸಿದ ಒಂದು ಕಾಯಿ ಅಟ್ಟದ ಬಾಯಿಂದ ಬಿದ್ದು, ಸರಿಯಾಗಿ ನನ್ನ ದಿಂಬಿನ ನಡುವೆ, ತಲೆ ಇರಬೇಕಾದ ಜಾಗದಲ್ಲಿ ಕೂತಿತ್ತು. ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, "ಸದ್ಯ, ಹಾಸ್ಗೆ ಮ್ಯಾಲೆ ಬಿತ್ತು. ನೆಲಕ್ಕೆ ಬಿದ್ದಿದ್ರೆ ಕಾಯಿ ಸೀಳೋಗ್ತಿತ್ತು" ಎಂದಳು. ಅಪ್ಪ ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿ, "ಏನೂ ಆಗಿಲ್ಲ. ಇನ್ನೊಂದೆರಡು ತಿಂಗ್ಳು ಬೇಕು ಇದ್ಕೆ" ಎಂದು ಅದನ್ನು ಮತ್ತೆ ಮೇಲೆ ಇಟ್ಟು ಬಂದರು. ಎಲ್ಲರೂ ಸಮಾಧಾನವಾಗಿ ಹೊರಗೆ ಹೋದರು. ದಿಂಬಿನಲ್ಲಿ ಬಿದ್ದಿದ್ದ ಗುಣಿಯನ್ನು ಯಾರೂ ನೋಡಲಿಲ್ಲ. ನಾನು ನಿಂತು ನೋಡಿದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಾರನೆಯ ದಿನದಿಂದ ತಿಪಟೂರಿನಲ್ಲಿ ಮನೆ ಹುಡುಕತೊಡಗಿದೆ. ಮನೆ ಬಾಡಿಗೆಗೆ ಕೊಡುವವರು ಕೇಳುವ ಪ್ರಶ್ನೆಗಳಿಗೆ ಹೋಲಿಸಿದರೆ ಗಂಡಿನ ಕಡೆಯವರದು ಏನೇನೂ ಅಲ್ಲ. "ಎಷ್ಟು ಜನ?" "ನಾನೊಬ್ಬಳೇ." "ಅಂದ್ರೆ, ಮನೆಯೋರು?" "ಇಲ್ಲ." "ತೀರ್ಕೊಂಡ್ರಾ?" ಇಲ್ಲ ಎಂದರೆ ಮುಖ ಬಿಗಿಯುವರು. ಹೋದ ಗಂಡನಾದರೂ ಒಬ್ಬ ಇದ್ದಿದ್ದರೆ ನನಗೊಂದು ಅಡುಗೆಮನೆ, ಒಂದು ಹಾಲ್ ಸಿಕ್ಕಿಬಿಡುತ್ತಿತ್ತು. ಒಬ್ಬಾತ ಬಹಳ ಕರುಣೆಯಿಂದ, "ನಿಮ್ಮೂರಿಗೆ ಬಸ್ಸೈತಲ್ಲಮ್ಮ" ಎಂದ. ಕೊನೆಗೆ ರಿಟೈರಾದ ಮೇಷ್ಟ್ರಮ್ಮ ಶಾಂತಮ್ಮನವರು ತಮ್ಮ ಮನೆಯ ಮಹಡಿ ಕೊಡಲು ಒಪ್ಪಿದರು. ಅವರದು ಒಂದೇ ಷರತ್ತು. "ನಿಮ್ಮ ತಂದೇರು ಬಂದು ಒಂದು ಮಾತು ಹೇಳಲಮ್ಮ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳ್ಲಿ?" ಹೀಗೆ, ಅಪ್ಪನ ಮನೆ ಬಿಡಲು ಅಪ್ಪನನ್ನೇ ಕರೆದುಕೊಂಡು ಬರಬೇಕಾಯಿತು.

ಭಾನುವಾರ ನಮ್ಮ ಅಂಗಳದಲ್ಲಿ ಕೊಬ್ಬರಿ ಒಡೆಯುವ ಕೆಲಸ. ಮೂಡಲ ಮಗ್ಗುಲು ಇಳಿದಿತ್ತು. ಚಂದ್ರು ಕಾಯಿ ಸುಲಿದು ಹಾಕುತ್ತಿದ್ದ. ಅಪ್ಪ ಮಚ್ಚಿನ ಹಿಂಬದಿಯಿಂದ ಸುತ್ತ ತಟ್ಟಿ ಚಿಪ್ಪು ಬಿಡಿಸುತ್ತಿದ್ದರು. ಅವ್ವ ಮತ್ತು ಚಂದ್ರುವಿನ ಹೆಂಡತಿ ರೇಖಾ ಉಂಡೆ ಕೊಬ್ಬರಿಯನ್ನು ಒರೆಸಿ ಬೇರೆ ಮಾಡುತ್ತಿದ್ದರು. ನಾನು ಹಿಂದಿನ ವಾರವೆಲ್ಲ ಬಸ್ಸಿನಲ್ಲಿ ತುಟಿ ಅಲ್ಲಾಡಿಸಿಕೊಂಡು ಒಂದು ಭಾಷಣ ತಯಾರು ಮಾಡಿದ್ದೆ. ಅವ್ವ ಅತ್ತರೆ ಏನು ಹೇಳಬೇಕು, ಅಪ್ಪ ಎದ್ದು ಹೋದರೆ ಏನು ಹೇಳಬೇಕು, ಇಬ್ಬರೂ ಊಟ ಬಿಟ್ಟರೆ ಎಷ್ಟು ಹೊತ್ತು ನೋಡಿ ಸೋಲಬೇಕು, ಎಲ್ಲ ಸಿದ್ಧವಿತ್ತು. ಬಾಯಿ ಬಿಟ್ಟಾಗ ಬಂದದ್ದು ಒಂದೇ ಉಸಿರು. "ನಾನು ತಿಪಟೂರಾಗೆ ಮನೆ ನೋಡಿದೀನಿ, ಹೋಯ್ತೀನಿ."

ಅಪ್ಪ ಕೈಯಲ್ಲಿದ್ದ ಕಾಯಿ ತಟ್ಟಿ ಮುಗಿಸಿದರು. ಉಂಡೆ ಇಡಿಯಾಗಿ ಬಂತು. ಅದನ್ನು ತಿರುಗಿಸಿ ನೋಡಿ ಅವ್ವನ ಕಡೆ ಹಾಕಿದರು.

"ಯಾವತ್ತು ಅಕ್ಕ?" ಎಂದ ಚಂದ್ರು. "ಮಾರ್ಕೆಟ್ಟಿಗೆ ಹೋಗಾ ದಿನ ಆದ್ರೆ ಟೆಂಪೋ ಬತ್ತದೆ. ಕೊಬ್ಬರಿ ಚೀಲದ ಜೊತೆಗೆ ನಿನ್ ಸಾಮಾನೂ ಹಾಕ್ಬೋದು."

"ಆ ಪಾತ್ರೆ ಮೂಟೆನೂ ತಗಂಡೋಗವ್ವ" ಎಂದಳು ಅವ್ವ. ಕಣ್ಣು ಒದ್ದೆಯಾಗಿದೆಯೇ ಎಂದು ಬಗ್ಗಿ ನೋಡಿದೆ. ಕೊಬ್ಬರಿ ಧೂಳಿಗೂ ಆಗಿರಲಿಲ್ಲ.

ರೇಖಾ ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ಗಂಡನ ಕಡೆ ತಿರುಗಿ, "ಅಕ್ಕನ ರೂಮಿಗೆ ಒಂದು ಚಿಲ್ಕ ಹಾಕ್ಸಿಬುಟ್ರೆ ನಾವು ಅಲ್ಲೇ ಮನಗ್ಬೋದು ಅಲ್ವಾ?" ಎಂದಳು.

"ಚಿಲಕ ಹಾಕಿದ್ರೆ ಅಪ್ಪ ಅಟ್ಟ ಹತ್ತೋದು ಹೆಂಗೆ?" ಎಂದೆ ನಾನು. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಅದೇನ್ ಮಹಾ" ಎಂದರು ಅಪ್ಪ, ಇನ್ನೊಂದು ಕಾಯಿ ಎತ್ತಿಕೊಳ್ಳುತ್ತಾ. "ನಡುಮನೆ ಕಡೆಯಿಂದ ಅಟ್ಟಕ್ಕೆ ಬಾಯಿ ತಗ್ಸಿದ್ರಾಯ್ತು. ಬಡಗಿಗೆ ಅರ್ಧ ದಿನದ ಕೆಲ್ಸ."

ಅರ್ಧ ದಿನದ ಕೆಲಸ. ನಾನು ಧೂಳು ತಿಂದ ಬೆಳಗುಗಳೆಲ್ಲ ಕಣ್ಣ ಮುಂದೆ ಬಂದವು. ಅಲ್ಲಿಯ ತನಕ ತಡೆದುಕೊಂಡಿದ್ದವಳು ಆಗ ಕೇಳಿಯೇಬಿಟ್ಟೆ. "ಅಲ್ಲ ಕಣಪ್ಪ, ಚಂದ್ರನ ಮದ್ವೆ ಆದ ವರ್ಷ ಕೇಳಿದ್ನಲ್ಲ ನಾನು. ಅಟ್ಟ ಇಳೀಲಿ ತಡಿ ಅಂದಿದ್ದೆ ನೀನು. ಅವತ್ತಿಂದ ಕಾಯ್ತಾ ಇದೀನಿ."

ಅಪ್ಪ ಮಚ್ಚು ಕೆಳಗಿಟ್ಟು ನನ್ನ ಮುಖವನ್ನು ಸರಿಯಾಗಿ ನೋಡಿದರು. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅದು ಮಾತಿಗೆ ಅನ್ನಾದು ಕಣವ್ವ. ಅಟ್ಟ ಯಾವತ್ತಾದ್ರೂ ಖಾಲಿ ಆಗ್ತದಾ? ಇವನು ಬೈಕ್ ಕೇಳ್ದಾಗ್ಲೂ ಅಂದೆ, ತಂದ. ನಿಮ್ಮವ್ವ ಗ್ಯಾಸ್ ಕೇಳ್ದಾಗ್ಲೂ ಅಂದೆ, ತರಿಸ್ಕಂಡ್ಲು. ಬೇಕಾದೋರು ಮಾಡ್ತಾರೆ, ನಾನೇನು ಕೈ ಹಿಡ್ಕತೀನಾ? ನೀನು ಒಂದ್ ಕಿತ ಕೇಳ್ದೋಳು ಆಮ್ಯಾಕೆ ಸೊಲ್ಲೇ ಎತ್ಲಿಲ್ಲ. ನಿಂಗೆ ಇಲ್ಲೇ ಹಿತವಾಗೈತೆ ಅಂದ್ಕಂಡ್ವಿ."

"ನಾವಾಗೇ ಹೋಗು ಅನ್ನಾಕಾಗ್ತದಾ?" ಎಂದಳು ಅವ್ವ ಮೆಲ್ಲಗೆ. "ಮದ್ವೆಯಾಗ್ದಿರೋ ಮಗಳ್ನ ಈಚೆಗಾಕಿದ್ರು ಅನ್ನಲ್ವಾ ಊರೋರು? ನೀನೇ ಬಾಯಿ ಬುಡ್ಲಿ ಅಂತ ಸುಮ್ಕಿದ್ವಿ."

ನನಗೆ ಅಲ್ಲೇ ಕೂತು ಗೋಳೋ ಎಂದು ಅಳಬೇಕೆನಿಸಿತು. ಬೇಡ ಎಂದು ಅಡ್ಡಗಟ್ಟಿದ್ದರೆ ಜಗಳವಾಡಿ ಗೆದ್ದು ಹೋಗಬಹುದಿತ್ತು. ಹೋಗು ಎಂದು ದಬ್ಬಿದ್ದರೆ ಜನ್ಮವಿಡೀ ಬೈದುಕೊಂಡಿರಬಹುದಿತ್ತು. ಇವರು ಎರಡನ್ನೂ ಮಾಡಲಿಲ್ಲ. ನಾನು ಅವರಿಗಾಗಿ ಇದ್ದೇನೆಂದು ನಾನು, ನಾನು ನನಗಾಗಿ ಇದ್ದೇನೆಂದು ಅವರು, ಹೀಗೆ ಒಬ್ಬರಿಗೊಬ್ಬರು ಉಪಕಾರ ಮಾಡಿಕೊಂಡು ನನ್ನ ವಯಸ್ಸು ಕಳೆದಿದ್ದೆವು. ಅವತ್ತು ಮಧ್ಯಾಹ್ನ ಅವ್ವ ಎಂದಿನಂತೆ ಎರಡು ಮುದ್ದೆ ಉಂಡಳು. ನಾನೇ ಊಟ ಬಿಟ್ಟೆ. ಯಾಕೆ ಎಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದೆ, ಮಜ್ಜಿಗೆ ಕುಡಿ ಎಂದರು.

ಅಪ್ಪ ಶಾಂತಮ್ಮನವರ ಮನೆಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕೈಯಲ್ಲಿ ನಾಲ್ಕು ಸುಲಿದ ಕಾಯಿ. ಕುರ್ಚಿಯ ತುದಿಯಲ್ಲಿ ಕೂತು ನನ್ನ ಗುಣಗಳನ್ನು ಹೇಳತೊಡಗಿದರು. "ಜಾಸ್ತಿ ಮಾತಾಡಲ್ಲ ಕಣಮ್ಮ. ನೀರು ಹೆಚ್ಗೆ ಸುರಿಯಲ್ಲ. ಯಾರೂ ಹುಡಿಕ್ಕಂಡು ಬರಲ್ಲ. ಬೆಳಿಗ್ಗೆ ಜಲ್ದಿ ಏಳ್ತಾಳೆ." ಜಲ್ದಿ ಏಳುವುದು ಯಾರ ಹಿಮ್ಮಡಿಯಿಂದ ಎಂಬುದನ್ನು ಹೇಳಲಿಲ್ಲ. ಸಂತೆಯಲ್ಲಿ ಹಸು ಕೊಡುವವನು ಕೂಡ ಹಾಯುವುದಿಲ್ಲ, ಒದೆಯುವುದಿಲ್ಲ ಎಂದು ಹೀಗೆಯೇ ಹೇಳುವುದು. ಗಂಡಿನ ಕಡೆಯವರ ಮುಂದೆ ಒಮ್ಮೆಯೂ ಇಷ್ಟು ಚೆನ್ನಾಗಿ ಮಾತಾಡದ ಅಪ್ಪ ಮನೆಯೊಡತಿಯ ಮುಂದೆ ಗೆದ್ದರು. ಶಾಂತಮ್ಮ ಬೀಗದ ಕೈ ಕೊಟ್ಟರು. ಅಪ್ಪ ಮಹಡಿ ಹತ್ತಿ ಗೋಡೆ ತಟ್ಟಿ, ಕಿಟಕಿ ತೆಗೆದು, ತಲೆಯೆತ್ತಿ ನೋಡಿ, "ಅಟ್ಟ ಇಲ್ವಾ?" ಎಂದರು.

"ಮೋಲ್ಡಿಂಗ್ ಮನೆ ಯಜಮಾನ್ರೇ. ಅಟ್ಟ ಎಲ್ಲಿಂದ ಬರುತ್ತೆ?" ಎಂದರು ಶಾಂತಮ್ಮ.

ಅಪ್ಪನಿಗೆ ನನ್ನ ಬಗ್ಗೆ ಮೊದಲ ಸಲ ಕನಿಕರವಾದದ್ದು ಆಗ. ಮೆಟ್ಟಿಲಿಳಿಯುವಾಗ, "ಅಟ್ಟ ಇಲ್ದಿರೋ ಮನೇಲಿ ಹೆಂಗಿರ್ತೀಯವ್ವ?" ಎಂದು ಎರಡು ಸಲ ಕೇಳಿದರು.

ಹೊರಡುವ ದಿನ ಅವ್ವನಿಗೊಂದು ಪೇಚಾಟ ಬಂತು. ಮನೆ ಮಗಳು ಸಾಮಾನು ಕಟ್ಟಿಕೊಂಡು ಹೊಸಿಲು ದಾಟುವಾಗ ಮಡಿಲಕ್ಕಿ ತುಂಬಬೇಕು. ಆದರೆ ಅದು ಗಂಡನ ಮನೆಗೆ ಹೋಗುವ ಮುತ್ತೈದೆಗೆ. ಬಾಡಿಗೆ ಮನೆಗೆ ಹೋಗುವ ಕನ್ಯೆಗೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಟ್ಟಿಲ್ಲ. ಅವ್ವ ಮೊರದಲ್ಲಿ ಅಕ್ಕಿ, ಬೆಲ್ಲ, ಒಂದು ಗಿಟಕು ಕೊಬ್ಬರಿ ಇಟ್ಟುಕೊಂಡು ದೇವರ ಮನೆಯ ಬಾಗಿಲಲ್ಲಿ ನಿಂತಳು. ನನ್ನ ಸೆರಗು ನೋಡಿದಳು, ಮೊರ ನೋಡಿದಳು. ಹೊರಗೆ ಟೆಂಪೋದವನು ಹಾರನ್ ಹೊಡೆಯುತ್ತಿದ್ದ. ಕಡೆಗೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು, ಎಲ್ಲವನ್ನೂ ಅದಕ್ಕೆ ಸುರಿದು, ಗಂಟು ಹಾಕಿ ಕೈಗಿತ್ತಳು. "ಮಡ್ಲಕ್ಕಿ ಅಲ್ಲ ಕಣೇ ಇದು. ಸುಮ್ನೆ ಅಕ್ಕಿ" ಎಂದಳು. ಆಗ ಮಾತ್ರ ಅವಳ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷ ನಾನು ನೆಚ್ಚಿಕೊಂಡಿದ್ದ ಕಣ್ಣೀರು ಅದೇ. ಅದು ನಾನು ಹೋಗುವುದಕ್ಕೆ ಬಂದದ್ದೋ, ಮಡಿಲಿಗೆ ಬೀಳದ ಅಕ್ಕಿಗೆ ಬಂದದ್ದೋ ಕೇಳಲಿಲ್ಲ. ಟೆಂಪೋ ಹತ್ತಿ ಕೊಬ್ಬರಿ ಚೀಲಗಳ ನಡುವೆ ಕೂತೆ. ತಿಪಟೂರಿನಲ್ಲಿ ಮೊದಲು ಕೊಬ್ಬರಿ ಇಳಿಯಿತು, ಆಮೇಲೆ ನಾನು.

ಈಗ ನನ್ನ ಬಾಗಿಲಿಗೆ ಚಿಲಕವಿದೆ. ಮೊದಮೊದಲು ಅದನ್ನು ಸುಮ್ಮಸುಮ್ಮನೆ ಹಾಕಿ ತೆಗೆದು ಮಾಡುತ್ತಿದ್ದೆ. ನನ್ನ ಮಂಚದ ಮೇಲಿನಿಂದ ಯಾರೂ ಹಾದುಹೋಗುವುದಿಲ್ಲ, ಬಾಯಿಗೆ ಧೂಳು ಬೀಳುವುದಿಲ್ಲ. ಆದರೂ ಬೆಳಗಿನ ಜಾವ ಎಚ್ಚರವಾಗಿ, ಹಿಮ್ಮಡಿಗಾಗಿ ಕಾದು ಮಲಗಿರುತ್ತೇನೆ. ಊರಿನ ಮನೆಯಲ್ಲಿ ಬಡಗಿ ಬಂದು ಅರ್ಧ ದಿನದಲ್ಲಿ ಕೆಲಸ ಮುಗಿಸಿದನಂತೆ. ಹಬ್ಬಕ್ಕೆ ಹೋದಾಗ ನಡುಮನೆಯಲ್ಲಿ ಚಾಪೆ ಹಾಕಿ ಕೊಡುತ್ತಾರೆ. ನನ್ನ ರೂಮಿಗೆ ಒಳಗಿನಿಂದ ಚಿಲಕ ಹಾಕಿರುತ್ತದೆ.

ಮೊನ್ನೆ ಶಾಂತಮ್ಮನವರು ಮಜ್ಜಿಗೆಹುಳಿ ಕೊಡಲು ಮೇಲೆ ಬಂದರು. ಅಡುಗೆಮನೆಗೆ ಬಂದವರು, ನಾನು ಇರುವ ಒಂದೇ ಪಾತ್ರೆಯಲ್ಲಿ ಅನ್ನ ಮಾಡಿ, ಅದನ್ನು ತಟ್ಟೆಗೆ ಬಗ್ಗಿಸಿ, ಅದೇ ಪಾತ್ರೆ ತೊಳೆದು ಸಾರಿಗೆ ಇಡುವುದನ್ನು ನೋಡುತ್ತಾ ನಿಂತರು. ಅವರ ಕಣ್ಣು ಮೂಲೆಗೆ ಹೋಯಿತು. ಗೋಣಿಚೀಲ, ಬಾಯಿಗೆ ಹಾಕಿದ ಹೊಲಿಗೆ, ಒಳಗೆ ಪಾತ್ರೆಗಳ ಉಬ್ಬು.

"ಇದೇನಮ್ಮ, ಇಷ್ಟೊಂದು ಪಾತ್ರೆ ಇಟ್ಕೊಂಡು ಒಂದರಲ್ಲೇ ಒದ್ದಾಡ್ತೀರಲ್ಲ. ಬಂದು ಇಷ್ಟು ದಿನ ಆಯ್ತು, ಇನ್ನೂ ಬಿಚ್ಚಿಲ್ವಾ?"

ನಾನು ಯೋಚಿಸಿ ಹೇಳಿದ್ದಲ್ಲ. ಕೈಯಲ್ಲಿ ಸೌಟು ಹಿಡಿದು ನಿಂತಿದ್ದ ಹಾಗೇ ಬಾಯಿಂದ ಬಂದುಬಿಟ್ಟಿತು. "ಅಟ್ಟ ಇಳೀಲಿ ತಡೀರಿ."

ಶಾಂತಮ್ಮನವರು ತಲೆಯೆತ್ತಿ ಮೋಲ್ಡಿಂಗ್ ನೋಡಿದರು. ನಾನೂ ನೋಡಿದೆ.